ಡಿಸ್ಕಿನ ಸದ್ದಿನ ಹಿಂದೆ

ಅವರು ತೀರಿಕೊಂಡ ದಿನ ನಮ್ಮ ಓಣಿಯವರಿಗೆ ದೊಡ್ಡ ತೊಡಕಾದದ್ದು ಒಂದು ಫೋಟೋ. ಹಾರ ಬಂದಿತ್ತು, ಊದುಬತ್ತಿ ಬಂದಿತ್ತು. ಹಾರ ಹಾಕಲಿಕ್ಕೆ ಅವರ ಮುಖ ಮಾತ್ರ ಮನೆಯಲ್ಲಿ ಎಲ್ಲೂ ಸಿಗಲಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ಸುತ್ತಿ ಸುತ್ತಿ ಊರೆಲ್ಲರ ಲಗ್ನದ ವಿಡಿಯೋ ತೆಗೆದವರು. ಒಂದರಲ್ಲೂ ತಾವು ಇಲ್ಲ. ಕಡೆಗೆ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ತಂದರು. ಅದರಲ್ಲಿ ಅವರು ಜಾತ್ರೆಯ ಗದ್ದಲದಲ್ಲಿ ಯಾರನ್ನೋ ಕಳೆದುಕೊಂಡವರ ಹಾಗೆ ಕಾಣುತ್ತಿದ್ದರು. ಕಡೆಯ ಒಂದು ವರ್ಷ ಅವರು ಇದ್ದದ್ದೂ ಹಾಗೆಯೇ.

ನಾನು ಅವರ ಮಗ್ಗುಲ ಮನೆಯವಳು. ಬ್ಲೌಸು, ಲಂಗ, ಶಾಲೆ ಹುಡುಗರ ಯೂನಿಫಾರ್ಮು ಹೊಲಿಯುತ್ತೇನೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ಅತ್ತ ಅವರು ಕೆಮ್ಮಿದರೆ ಇತ್ತ ನನ್ನ ಸೂಜಿಗೆ ಗೊತ್ತಾಗುತ್ತಿತ್ತು. ಓಣಿಯ ಮಂದಿ ಅವರನ್ನು ವಿಡಿಯೋ ಕಾಕಾ ಅನ್ನುತ್ತಿದ್ದರು, ನಾನು ಅಣ್ಣಾರು ಅನ್ನುತ್ತಿದ್ದೆ. ಅವರು ನನಗೆ ತಂಗ್ಯವ್ವ ಅನ್ನುತ್ತಿದ್ದರು.

ಮೆರವಣಿಗೆಯ ಮುಂದೆ ಕ್ಯಾಮರಾ ಹಿಡಿದು ಹಿಂದಹಿಂದಕ್ಕೆ ನಡೆದೂ ನಡೆದೂ ಅವರಿಗೆ ಅದೇ ಚಾಳಿಯಾಗಿತ್ತು. ನಮ್ಮ ಮನೆಗೆ ಬಂದು ಚಹಾ ಕುಡಿದು ಎದ್ದರೆ 'ಬರ್ತೇನಿ ತಂಗ್ಯವ್ವ' ಅನ್ನುತ್ತ ನಮ್ಮ ಕಡೆ ಮುಖ ಇಟ್ಟುಕೊಂಡೇ ಹೊಸ್ತಿಲು ದಾಟುತ್ತಿದ್ದರು. ಒಮ್ಮೆಯೂ ಎಡವಿದ್ದು ನೋಡಲಿಲ್ಲ. ಮಾತಾಡುವಾಗ ಎಡಗಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು. ಯಾರೇ ಬಂದರೂ 'ಬರ್ರಿ, ಕುಂದ್ರಿ' ಆದ ಮೇಲಿನ ಮಾತು, 'ಅಲ್ಲಿ ಬ್ಯಾಡ್ರಿ, ಈ ಕಡೆ ಬೆಳಕಿಗೆ ಕುಂದ್ರಿ.' ಹೆಸರು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಯಾರು ಯಾರ ಲಗ್ನದಲ್ಲಿ ಏನು ಬಡಿಸಿದರು ಅನ್ನುವುದು ಮಾತ್ರ ಅಳಿಸುತ್ತಿರಲಿಲ್ಲ. ನಮ್ಮ ಮನೆಯವರನ್ನು ಇಪ್ಪತ್ತು ವರ್ಷ ಕಂಡರೂ ಅಣ್ಣಾರ ಪಾಲಿಗೆ ಅವರು 'ಉಪ್ಪು ಮರತ ಮದುಮಗ.' ನಮ್ಮ ಲಗ್ನದ ಪಂಕ್ತಿಯಲ್ಲಿ ಹುಡುಗಾಟಕ್ಕೆ ಉಪ್ಪು ಬಡಿಸಲು ಎದ್ದು, ಅರ್ಧ ಸಾಲು ಬಿಟ್ಟು ಕೂತಿದ್ದರಂತೆ.

ಅವರ ಧಂದೆಯಲ್ಲಿ ಒಂದು ರೀತಿ ಇತ್ತು. ಲಗ್ನದವರಿಗೆ ಕೊಡುವ ಸೀಡಿಯಲ್ಲಿ ಮಂದಿಯ ಮಾತು ಇರಬಾರದು. ಅಕ್ಕಿಕಾಳು ಬೀಳುವಾಗ ಒಂದು ಸಿನಿಮಾ ಹಾಡು, ಊಟಕ್ಕೆ ಇನ್ನೊಂದು, ಹೆಣ್ಣು ಒಪ್ಪಿಸುವಾಗ ಅಳಿಸುವಂಥದ್ದು. ಎಲ್ಲರೂ ಬಾಯಿ ಆಡಿಸುತ್ತಾರೆ, ಯಾರದೂ ದನಿ ಇಲ್ಲ. ಆದರೆ ತೆಗೆದದ್ದು ತೆಗೆದ ಹಾಗೇ, ಬೈಗುಳ, ಕೆಮ್ಮು, ಬ್ಯಾಂಡು ಸಮೇತ, ಅವರ ಮನೆಯ ಹಾರ್ಡ್ ಡಿಸ್ಕುಗಳಲ್ಲಿ ಉಳಿದಿತ್ತು. ಪಡಸಾಲೆಯಲ್ಲಿ ಟೀವಿ, ಅದಕ್ಕೆ ಜೋಡಿಸಿದ ಕಂಪ್ಯೂಟರ್, ಅದರ ಹೊಟ್ಟೆಯಲ್ಲೂ ಮಗ್ಗುಲಲ್ಲೂ ಇಟ್ಟಂಗಿಯ ಹಾಗೆ ಪೇರಿಸಿದ ಡಿಸ್ಕುಗಳು.

ಯಾರದೋ ಮನೆಯಲ್ಲಿ ಸಾವಾದರೆ, ಕರ್ಮ ಎಲ್ಲ ಮುಗಿದ ಮೇಲೆ, ಆ ಮನೆಯವರು ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು. ಸತ್ತವರು ಯಾವುದೋ ಲಗ್ನದಲ್ಲಿ ನಡೆದಾಡಿದ್ದನ್ನು ನೋಡಿಕೊಂಡು ಹೋಗಲಿಕ್ಕೆ. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಇವರು ಒಬ್ಬರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಗುಂಡಿ ಒತ್ತಿದರೆ ಚಿತ್ರ ತಟ್ಟನೆ ಬರುತ್ತಿರಲಿಲ್ಲ. ಮೊದಲು ಡಿಸ್ಕು ತಿರುಗಿ ಎಚ್ಚರವಾಗಬೇಕು. ಗುಂಯ್ ಅಂತ ಏರಿ, ಒಳಗೆ ಯಾರೋ ಉಗುರಿನಿಂದ ಬಾಗಿಲು ಕೆರೆದ ಹಾಗೆ ಕರಕರ ಅನ್ನುತ್ತಿತ್ತು. ಆ ಸದ್ದು ಕೇಳಿದೊಡನೆ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. 'ಬಂದ್ರು' ಅಂತ ಪಿಸುಗುಡುತ್ತಿದ್ದರು. ನಾನೂ ಎಷ್ಟೋ ಸಲ ಗೋಡೆಯ ಈಚೆ ಹೊಲಿಗೆ ನಿಲ್ಲಿಸಿ ಕೂತಿದ್ದೇನೆ.

ದುಂಡಸಿಯಿಂದ ಒಬ್ಬ ಮುದುಕ ಬಂದಿದ್ದ. ಆವತ್ತು ನಾನು ಅಲ್ಲೇ ಇದ್ದೆ.

'ಯಾರ್ನ ನೋಡಬೇಕ್ರಿ?' ಅಂದರು ಅಣ್ಣಾರು.

'ನಮ್ಮಾಕಿನ್ನ.'

'ಏನ್ ನೀಡಿದ್ರು ಅವರು?'

'ತುಪ್ಪಾರೀ. ಶಿಗ್ಗಾಂವಿ ಒಳಗ ನಮ್ಮ ಸಾಡೂನ ಮಗಳ, ಇಕೀ ತಂಗೀ ಮಗಳ ಲಗ್ನ. ತುಪ್ಪದ ತಂಬಿಗಿ ಇಕೀ ಕೈಯಾಗ ಕೊಟ್ಟಿದ್ರು.'

ಡಿಸ್ಕು ಕೆರೆಯಿತು, ಮುದುಕ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹಸಿರು ಸೀರೆಯ ದಪ್ಪ ಹೆಂಗಸೊಬ್ಬಳು ಪಂಕ್ತಿಯುದ್ದಕ್ಕೂ ತುಪ್ಪ ಸುರಿಯುತ್ತ ಬಂದಳು. ಈ ಮುದುಕನ ಎಲೆ ಬಂದಾಗ ಒಂದು ಹನಿ ಹಾಕಿ ಮುಂದೆ ಹೋದಳು.

'ನೋಡ್ರಿ, ನೋಡ್ರಿ! ಊರ ಮಂದಿಗೆಲ್ಲ ಧಾರಿ, ನನಗ ಹನಿ! ಹಲ್ಕಟ್ಟ ಮುದುಕಿ!' ಅಂತ ಮುದುಕ ನಕ್ಕ. ನಗುತ್ತಲೇ ಟೊಪ್ಪಿಗೆಯಿಂದ ಮುಖ ಒರೆಸಿಕೊಂಡ. 'ಇನ್ನೊಮ್ಮೆ ಹಾಕ್ರಿ.'

ಆಗ ಅಡಿಗೆ ಮನೆಯ ಪರದೆಯ ಹಿಂದಿನಿಂದ ಚಹಾದ ಕಪ್ಪುಗಳನ್ನು ಒಂದು ಕೈ ಹೊರಗೆ ಚಾಚಿತು. ಅದು ಅಣ್ಣಾರ ಅಕ್ಕನದು.

ಆ ಅಕ್ಕನ ಬಗ್ಗೆ ಹೇಳದೆ ಇವರ ಬಗ್ಗೆ ಹೇಳಿದಂತಾಗುವುದಿಲ್ಲ. ಚಿಕ್ಕೇರೂರಿನವರು. ತಾಯಿ ಇಲ್ಲದ ತಮ್ಮನನ್ನು ಸಾಕಿದವಳು ಅಕ್ಕ. ಅವಳ ಗಂಡ ಲಗ್ನದ ವರ್ಷದಲ್ಲೇ ತೀರಿಹೋಗಿದ್ದ. ತಮ್ಮ ಕ್ಯಾಮರಾ ಹಿಡಿದು ಹಾನಗಲ್ಲಿಗೆ ಬಂದಾಗ ಅಕ್ಕನೂ ಬಂದಳು. ಹೋಳಿಗೆ ಮಾಡುವುದರಲ್ಲಿ ಅವಳ ಕೈ ಹೆಸರಾಗಿತ್ತು. ತಮ್ಮನಿಗೆ ಯಾವ ಮನೆಯ ವಿಡಿಯೋ ಸಿಕ್ಕರೂ ಅದೇ ಮನೆಯ ಅಡಿಗೆಗೆ ಅಕ್ಕನಿಗೂ ಕರೆ ಬರುತ್ತಿತ್ತು. ಅವನು ಮುಂಬಾಗಿಲಿಂದ, ಅವಳು ಹಿತ್ತಿಲಿಂದ. ಹಾಗೆ ನೋಡಿದರೆ ಅವರು ತೆಗೆದ ಒಂದೊಂದು ಲಗ್ನದಲ್ಲೂ ಅಕ್ಕ ಇದ್ದಳು.

ಹೋದ ವರ್ಷ ಸುಗ್ಗಿಯ ಮುಂದೆ ಅಕ್ಕ ತೀರಿಕೊಂಡಳು. ಕರ್ಮ ಮುಗಿದ ಮೇಲೆ ಗೋಡೆಯ ಆಚೆಯಿಂದ ಸದ್ದು ಶುರುವಾಯಿತು. ಇಡೀ ದಿನ ಕರಕರ, ನಿಲ್ಲುವುದು, ಮತ್ತೆ ಕರಕರ. ಡಿಸ್ಕುಗಳನ್ನು ನಡುಗೋಡೆಯ ಹಲಗೆಯ ಮೇಲೆ ಇಟ್ಟಿದ್ದರಿಂದ ನಮ್ಮ ಮನೆಯ ಗಡಿಗೆಗಳೂ ಅದರ ಜತೆ ಗುಂಯ್ಗುಡುತ್ತಿದ್ದವು. ಒಂದು ದಿನ ತಡೆಯದೆ ಹೋಗಿ ಬಾಗಿಲಲ್ಲಿ ನಿಂತು ಅಂದೆ, 'ಅಣ್ಣಾರ, ಜ್ವಾಳಾ ಬೀಸಾಕತ್ತೀರೇನ್ರಿ? ನನಗೂ ಒಂದ್ ಸೇರು ಬೀಸಿ ಕೊಡ್ರಿ ಹಂಗಾರ.'

ಅವರು ನಗಲಿಲ್ಲ. ಟೀವಿಯಲ್ಲಿ ಯಾರದೋ ಲಗ್ನ ಓಡುತ್ತಿತ್ತು.

'ಅಕ್ಕ ಸಿಗವಲ್ಲಳು ತಂಗ್ಯವ್ವ,' ಅಂದರು.

'ಸಿಗವಲ್ಲಳು ಅಂದ್ರ? ಎಲ್ಲಾ ಲಗ್ನಕ್ಕೂ ಬಂದಾರಲ್ರಿ.'

'ಬಂದಾಳ. ನಾ ತಗದಿಲ್ಲ.'

ಕುಂಕುಮವಿಲ್ಲದ ಹಣೆ ಲಗ್ನದ ವಿಡಿಯೋದಲ್ಲಿ ಬರಬಾರದು. ಇದೂ ಒಂದು ರೀತಿ. ಮೊದಮೊದಲು ಮನೆಯ ಹಿರಿಯರು ಕಿವಿಯಲ್ಲಿ ಹೇಳುತ್ತಿದ್ದರಂತೆ, 'ಅವರನ್ನ ಬಿಟ್ಟು ತಗೀರಿ.' ಆಮೇಲೆ ಹೇಳುವುದೂ ಬೇಕಾಗಲಿಲ್ಲ. 'ಕಣ್ಣಿಗೆ ಬೀಳೂದರಾಗ ಕೈ ತಿರುಗಿರತಿತ್ತು ತಂಗ್ಯವ್ವ. ಚಲೋ ವಿಡಿಯೋದವ ಅಂತ ನನ್ನ ಹೊಗಳತಿದ್ರಲ್ಲ, ಅದಕ್ಕ.' ಆ ಕೈಗೆ ಅಕ್ಕನೂ ಒಂದು ಬರಿಯ ಹಣೆಯೇ ಆಗಿದ್ದಳು. ಊರವರ ಸತ್ತವರನ್ನೆಲ್ಲ ತೋರಿಸುವ ಮನೆಯಲ್ಲಿ ಅವಳೊಬ್ಬಳು ಇರಲಿಲ್ಲ.

ಅದೇ ದಿನಗಳಲ್ಲಿ ಸವಣೂರಿನಿಂದ ಒಬ್ಬಳು ಬಂದಳು. ನನ್ನದೇ ವಯಸ್ಸಿನವಳು. ಅವಳ ತಾಯಿಯೂ ಗಂಡ ಸತ್ತವಳು, ಯಾವ ಚಿತ್ರದಲ್ಲೂ ಇಲ್ಲ. 'ಇಲ್ರೀ ತಾಯಿ, ಸುಮ್ಮನ ನಿಮಗ ಬ್ಯಾಸರ' ಅಂತ ಇವರು ಹೇಳಿದರೂ ಅವಳು ಏಳಲಿಲ್ಲ. ತಮ್ಮ ಮನೆಯ ಲಗ್ನದ ವಿಡಿಯೋ ಮುಗಿಯುವವರೆಗೂ ಕಣ್ಣು ಪಿಳುಕಿಸದೆ ನೋಡಿದಳು. ಒಂದು ಕಡೆ, ಚಿತ್ರದ ಅಂಚಿನಲ್ಲಿ, ಬಾಗಿಲ ಹಿಂದಿನಿಂದ ಒಂದು ಕೈ ಅರಿಷಿಣದ ಬಟ್ಟಲನ್ನು ಯಾರಿಗೋ ದಾಟಿಸಿತು. ಬಳೆಯಿಲ್ಲದ ಕೈ.

'ನಿಲ್ಲಿಸ್ರಿ! ನಮ್ಮವ್ವ!' ಅಂದಳು. ಹೋಗಿ ಟೀವಿಯ ಗಾಜಿನ ಮೇಲೆ ತನ್ನ ಅಂಗೈ ಇಟ್ಟಳು.

ಅವಳು ಹೋದ ಮರುದಿನ ಅಣ್ಣಾರು ನನ್ನ ಹೊಲಿಗೆ ಮಷಿನ್ನಿನ ಮುಂದೆ ಬಂದು ಕೂತರು. 'ಕೈ ಸಿಗಲಿಲ್ಲಂದ್ರೂ ದನಿ ಇರತೈತಿ ತಂಗ್ಯವ್ವ. ಕ್ಯಾಮರಾ ತಿರುಗಿಸಿದ್ರ ಕಣ್ಣು ಆ ಕಡೆ ಹೋಗತೈತಿ, ಕಿವಿ ಹೋಗೂದಿಲ್ಲ. ಯಾವದರ ಲಗ್ನದಾಗ ಅಕ್ಕ ಮಾತಾಡಿದ್ದು ನಿಮಗ ನೆನಪೈತೇನು?'

ನನಗೆ ನೆನಪಿತ್ತು. ನನ್ನದೇ ಲಗ್ನ, ತಿಳವಳ್ಳಿಯ ನನ್ನ ತವರು ಮನೆಯಲ್ಲಿ. ನನ್ನ ಹಣೆಗೆ ಬಾಸಿಂಗ ಕಟ್ಟುವಾಗ ಸೋದರತ್ತೆಯರಿಗೆ ದಾರ ನೇರ ನಿಲ್ಲುತ್ತಿರಲಿಲ್ಲ. ಅಡಿಗೆ ಮನೆಯ ಬಾಗಿಲ ಮರೆಯಿಂದ ಒಬ್ಬಳು ಹೇಗೆ ಕಟ್ಟಬೇಕು ಅಂತ ಹೇಳಿಕೊಟ್ಟಿದ್ದಳು. ಮುಟ್ಟುವಂತಿರಲಿಲ್ಲ, ಬರೇ ಹೇಳಿದಳು. ಅದು ಇವರ ಅಕ್ಕ. ನಾನು ಇದನ್ನು ಹೇಳಿದಾಗ ಅವರ ಎರಡೂ ಕಣ್ಣು ತೆರೆದಿದ್ದವು.

ಆದರೆ ನನ್ನ ಲಗ್ನ ಇದ್ದದ್ದು ಎಲ್ಲಕ್ಕಿಂತ ಹಳೆಯ ಡಿಸ್ಕಿನಲ್ಲಿ. ಬೇರೆ ಡಿಸ್ಕಿನದಾಗಿದ್ದರೆ ಸದ್ದೇ ಇಲ್ಲದ ಹೊಸ ತರದ ಡಿಸ್ಕಿಗೆ ನಕಲು ಮಾಡಿಕೊಂಡು ಕೇಳಬಹುದಿತ್ತು. ಇದೊಂದು ನಕಲಿಗೆ ಒಗ್ಗುತ್ತಿರಲಿಲ್ಲ, ನಡುವೆ ನಿಂತುಬಿಡುತ್ತಿತ್ತು. ಆಡಿಸಿದರೆ ಮಾತ್ರ ಎಡವುತ್ತ ಎಡವುತ್ತ ಓಡುತ್ತಿತ್ತು. ಸದ್ದೂ ಎಲ್ಲಕ್ಕಿಂತ ಇದರದೇ ಜೋರು. ಇವರ ಕಿವಿಗಳೋ, ವರ್ಷಗಟ್ಟಲೆ ಬ್ಯಾಂಡಿನ ಮಗ್ಗುಲಲ್ಲೇ ನಿಂತದ್ದಕ್ಕೆ ಮಂದವಾಗಿದ್ದವು. ಕಿವಿಗೆ ಮಷಿನ್ ಹಾಕಿಕೊಂಡರೆ ಟೀವಿಯ ದನಿಗಿಂತ ಡಿಸ್ಕಿನ ಕರಕರವೇ ದೊಡ್ಡದಾಗಿ ಕೇಳುತ್ತಿತ್ತು. ಅದರ ಮೇಲೆ ಹೆಡ್‌ಫೋನು ಇಟ್ಟರೆ ಕಿವಿಯ ಮಷಿನ್ ಸೀಟಿ ಹೊಡೆಯುತ್ತಿತ್ತು. ಮನೆ ಒಂದು ಪಡಸಾಲೆ, ಒಂದು ಅಡಿಗೆ ಮನೆ, ನಡುವೆ ಪರದೆ. ಸದ್ದನ್ನು ಎಲ್ಲಿಗೆ ದೂಡಿದರೂ ಅದು ಹೊರಳಿ ಬರುತ್ತಿತ್ತು.

'ನಾ ಕೇಳಿ ಹೇಳ್ತೇನಿ ತಡೀರಿ ಅಣ್ಣಾರ,' ಅಂದೆ.

'ಬ್ಯಾಡ. ನನ್ನ ಅಕ್ಕನ ಮಾತು ನೀವು ನನಗ ಹೇಳೂದು ಬ್ಯಾಡ.' ಕಠಿಣವಾಗಿ ಅಂದರು, ಆಮೇಲೆ ಮೆತ್ತಗಾದರು. 'ನಾನ ಕೇಳಬೇಕು ತಂಗ್ಯವ್ವ.'

ಡಿಸ್ಕನ್ನು ಸುಮ್ಮನಿರಿಸುವ ಕೆಲಸ ಹೀಗೆ ಶುರುವಾಯಿತು. ಮೊದಲು ಹಲಗೆಯಿಂದ ಇಳಿಸಿ, ಅಕ್ಕ ಕೊಡ ಹೊರಲು ತಲೆಯ ಮೇಲಿಟ್ಟುಕೊಳ್ಳುತ್ತಿದ್ದ ಬಟ್ಟೆಯ ಸಿಂಬಿಯ ಮೇಲೆ ಕೂರಿಸಿದರು. ಗೋಡೆಯ ಗುಂಯ್ ನಿಂತಿತು, ಕೆರೆತ ನಿಲ್ಲಲಿಲ್ಲ. ನಾನು ಬ್ಲೌಸಿನ ಹೆಗಲಿಗೆ ಹಾಕುವ ಸ್ಪಂಜು ಕೊಟ್ಟೆ. ಸ್ವಲ್ಪ ತಗ್ಗಿತು. ದೂರದಲ್ಲಿ ಯಾವುದೋ ಹೆಂಗಸಿನ ದನಿ ಇದೆ ಅನ್ನುವಷ್ಟು ಅವರಿಗೆ ಕೇಳಿತು, ಮಾತು ತಿಳಿಯಲಿಲ್ಲ. ಆವತ್ತು ಅವರ ಮುಖ ನೋಡಲಾಗುತ್ತಿರಲಿಲ್ಲ. 'ಅದಾಳ. ಗ್ವಾಡಿ ಆಚೆ ನಿಂತಾಳ,' ಅನ್ನುತ್ತಿದ್ದರು.

ಮರುದಿನ ನಾನು ಹೋಗುವಷ್ಟರಲ್ಲಿ ಅವರು ಅಕ್ಕ ಹೊದೆಯುತ್ತಿದ್ದ ಕೌದಿಯನ್ನು ತಂದು ಡಿಸ್ಕಿಗೆ ಸುತ್ತಿದ್ದರು. ಅಕ್ಕ ತನ್ನ ಹಳೆಯ ಸೀರೆಗಳನ್ನೇ ಪದರು ಪದರಾಗಿ ಹೊಲಿದು ಮಾಡಿಕೊಂಡ ದಪ್ಪ ಕೌದಿ. ಮಲಗಿದ ಕೂಸಿಗೆ ಸುತ್ತಿದ ಹಾಗೆ, ಎಲ್ಲ ಕಡೆಯಿಂದಲೂ ಒತ್ತಿ. ಸದ್ದು ನಿಜಕ್ಕೂ ಹೋಗಿತ್ತು. 'ನೋಡ್ರಿ, ಅಕ್ಕ ಅಪ್ಪಿಕೊಂಡಕೂಡ್ಲೆ ಸುಮ್ಮನಾತು,' ಅಂದರು. ಚಿತ್ರ ಶುರುವಾಯಿತು. ನಮ್ಮ ತವರಿನ ಚಪ್ಪರ ಬಂತು, ಬ್ಯಾಂಡಿನವರು ಬಂದರು. ಅಷ್ಟರಲ್ಲಿ ಚಿತ್ರ ನಿಂತಿತು. ಕೌದಿಯೊಳಗೆ ಕೈ ಹಾಕಿದೆ, ಜ್ವರ ಬಂದ ಮೈಯಂತೆ ಸುಡುತ್ತಿತ್ತು.

ಶಿಗ್ಗಾಂವಿಯಿಂದ ಕಂಪ್ಯೂಟರ್ ರಿಪೇರಿಯವನು ಬಂದ. ಕೌದಿ ನೋಡಿ ಸೊಂಟಕ್ಕೆ ಕೈ ಇಟ್ಟ.

'ಏನ್ ಕಾಕಾ, ಡಿಸ್ಕಿಗೆ ಥಂಡಿ ಆಗಿತ್ತೇನ್ರಿ? ಬೇಯಿಸಿ ಇಟ್ಟೀರಲ್ಲ!'

'ಸದ್ದು ಮಾಡತಿತ್ತಪಾ.'

'ಸದ್ದು ಮಾಡ್ತಿತ್ತಂದ್ರ ಜೀವ ಇತ್ತು. ಅದಕ್ಕ ಗಾಳಿ ಬೇಕ್ರಿ, ಹಾಸಿಗಿ ಅಲ್ಲ.' ಡಿಸ್ಕನ್ನು ಗಾಳಿಗೆ ಆರಲು ಬಿಟ್ಟು, ಕಿವಿಗೆ ಹಚ್ಚಿ, ಮತ್ತೆ ಆರಲು ಬಿಟ್ಟು, ಎಷ್ಟೋ ಹೊತ್ತಾದ ಮೇಲೆ ಹೇಳಿದ, 'ಇನ್ನೊಂದ್ ಸಲ ತಿರುಗೀತು ನೋಡ್ರಿ. ಅದರ ಮ್ಯಾಲಿಂದು ನನ್ನ ಕೇಳಬ್ಯಾಡ್ರಿ. ಏನ್ ನೋಡೂದೈತಿ, ಒಮ್ಮೆ ನೋಡಿಬಿಡ್ರಿ.'

ಅವನು ಹೋದ ಮೇಲೆ ಅವರು ಡಿಸ್ಕನ್ನು ಮುಟ್ಟಲಿಲ್ಲ. ಎಷ್ಟೋ ದಿನ ಹಾಗೇ ಇತ್ತು. ಒಮ್ಮೆ ಸಿಗುವುದು ಅಂದರೆ ಆ ಒಮ್ಮೆಯಲ್ಲಿ ಸದ್ದು ಇರಬಾರದು. ಸದ್ದಿದ್ದರೆ ಅಕ್ಕ ಇನ್ನೊಂದು ಸಲ, ಕಡೆಯ ಸಲ, ಕೇಳದೆ ಹೋಗುತ್ತಾಳೆ. ಓಣಿಯಲ್ಲಿ ಅವರು ನಡೆಯುವುದೂ ಮೆಲ್ಲಗಾಯಿತು. ಊಟ ಬಿಟ್ಟರು ಅಂತ ನಮ್ಮ ಮನೆಯವರು ಎರಡು ರೊಟ್ಟಿ ತೆಗೆದುಕೊಂಡು ಹೋದರೆ, 'ಉಪ್ಪಿನವರೇ, ಜೋರಾಗಿ ಮಾತಾಡಬ್ಯಾಡ್ರಿ, ಅಕ್ಕ ಮಲಗ್ಯಾಳ,' ಅಂದರಂತೆ. ನಮ್ಮ ಮನೆಯವರು ಬಂದು ನನ್ನ ಮುಖ ನೋಡಿದರು. 'ಏನರ ಮಾಡಲೇ ನೀನ. ಇಲ್ಲಾಂದ್ರ ಆ ಮನಷ್ಯಾ ಉಳ್ಯಾಂಗಿಲ್ಲ.'

ನಾನು ದಿನವಿಡೀ ಮಷಿನ್ ತುಳಿಯುವವಳು. ಮಷಿನ್ನಿನ ಕಾಲು ನೆಲಕ್ಕೆ ಗಟ್ಟಿಯಾಗಿ ತಾಗಿದರೆ ಮನೆಯೆಲ್ಲ ಗಡಗಡ ಅನ್ನುತ್ತದೆ, ಕೆಳಗೆ ರಬ್ಬರು ಕೊಟ್ಟರೆ ಸುಮ್ಮನಾಗುತ್ತದೆ. ಡಿಸ್ಕು ಯಾವುದಕ್ಕೂ ತಾಗದೇ ಇದ್ದರೆ? ಗಾಳಿಯೂ ಬೇಕು, ತಾಗಲೂ ಬಾರದು. ಲಂಗಕ್ಕೆ ಹಾಕುವ ಇಲಾಸ್ಟಿಕ್ ಉಂಡೆ ತೆಗೆದುಕೊಂಡು ಹೋದೆ. ಮರದ ಸ್ಟೂಲು ತಲೆಕೆಳಗೆ ಮಾಡಿ, ಅದರ ನಾಲ್ಕು ಕಾಲಿಗೆ ಇಲಾಸ್ಟಿಕ್ ಅಡ್ಡಡ್ಡ ಬಿಗಿದು, ನಡುವೆ ಡಿಸ್ಕನ್ನು ತೂಗುಹಾಕಿದೆವು. ಸ್ಟೂಲಿನ ಕೆಳಗೆ ಸ್ಪಂಜು. ಬಾಗಿಲಲ್ಲಿ ಇಣುಕಿದ ಎದುರು ಮನೆಯ ಅಜ್ಜಿ, 'ತೊಟ್ಟಿಲಕ್ಕ ಹಾಕೀರೇನವ್ವಾ? ಹೆಸರಿಡೂದು ಯಾವಾಗ?' ಅಂತ ನಕ್ಕಳು. ಅಣ್ಣಾರೂ ನಕ್ಕರು. ಅಕ್ಕ ಹೋದ ಮೇಲೆ ಅವರು ನಕ್ಕದ್ದು ಅದೊಂದೇ ಸಲ ನಾನು ಕಂಡದ್ದು.

ಒಂದು ಮಧ್ಯಾಹ್ನ, ಓಣಿಯೆಲ್ಲ ಉಂಡು ಅಡ್ಡಾಗುವ ಹೊತ್ತಿಗೆ, ಕೂತೆವು. ಫ್ಯಾನು ಆರಿಸಿದರು. ಗೋಡೆಯ ಗಡಿಯಾರ ಇಳಿಸಿ ಸೆಲ್ಲು ತೆಗೆದರು. ನಲ್ಲಿಯ ಕೆಳಗೆ ಬಟ್ಟೆ ಇಟ್ಟರು. ಕಿವಿಗೆ ಮಷಿನ್ ಹಾಕಿಕೊಂಡು ಟೀವಿಯ ಹತ್ತಿರ ನೆಲದ ಮೇಲೆ ಕೂತು ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನು ಗುಂಡಿ ಒತ್ತಿದೆ.

ಡಿಸ್ಕು ಇಲಾಸ್ಟಿಕ್ಕಿನ ಮೇಲೆ ಒಮ್ಮೆ ನಡುಗಿತು. ಸದ್ದಿರಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಸತ್ತವರು ಸದ್ದಿಲ್ಲದೆ ಬಂದರು. ನನ್ನ ಅಪ್ಪ ಚಪ್ಪರದ ಕೆಳಗೆ ಹಾದು ಹೋದರು, ನಾನು ಕಣ್ಣು ತಗ್ಗಿಸಿದೆ. ಆಮೇಲೆ ಪಡಸಾಲೆ. ಮಣೆಯ ಮೇಲೆ ಕೂತ ಸಣಕಲು ಹುಡುಗಿ, ನಾನು. ಸುತ್ತ ಅತ್ತೆಯರು.

'ಸೊಟ್ಟ ಆತಲ್ಲೇ,' ಅನ್ನುತ್ತಿದ್ದಳು ಒಬ್ಬಳು.

ಆಗ ಬಂತು. ಹಿಟ್ಟು ನಾದುವ ಹೆಂಗಸಿನ ದನಿ, ಸ್ವಲ್ಪ ಏದುಸಿರು.

'ದಾರಾ ಕಿವಿ ಹಿಂದಿಂದ ತರ್ರೆವ್ವಾ. ಹೂಂ. ಇನ್ನೊಂಚೂರು ಮ್ಯಾಲ. ಹಣಿಗೆ ಒತ್ತಬ್ಯಾಡ್ರಿ, ಕೂಸಿಗೆ ನೋಯತೈತಿ.'

ಅಣ್ಣಾರು ಎರಡೂ ಕೈ ನೆಲಕ್ಕೆ ಊರಿದ್ದರು. ಕೇಳಿಸುತ್ತಿದೆಯೇ ಅಂತ ನಾನು ಕೇಳಬೇಕಾಗಿರಲಿಲ್ಲ. ಅವರ ತುಟಿಗಳು ಅದೇ ಮಾತುಗಳನ್ನು ಹಿಂದೆಯೇ ಆಡುತ್ತಿದ್ದವು. ಟೀವಿಯಲ್ಲಿ ನಾನು ತಲೆ ಎತ್ತಿ ಬಾಗಿಲ ಕಡೆ ನೋಡಿ ನಕ್ಕೆ. ನಾನು ಯಾರನ್ನು ನೋಡಿ ನಕ್ಕೆನೋ ಅವಳು ಚೌಕಟ್ಟಿನಿಂದ ಒಂದು ಮೊಳ ಆಚೆ ಇದ್ದಳು.

'ತಮ್ಮಾ,' ಅಂದಿತು ಆ ದನಿ.

ಅವರು 'ಆಂ' ಅಂದರು. ಟೀವಿಯಲ್ಲಿ ಅಲ್ಲ, ನನ್ನ ಮಗ್ಗುಲಲ್ಲಿ.

'ಆ ಕಡೆ ತಿರುಗೋ. ಹೋಳಿಗಿ ಬುಟ್ಟಿ ತಗೊಂಡು ದಾಟಾಕತ್ತೇನಿ. ನಾ ಬಂದುಬಿಟ್ಟೇನು ವಿಡಿಯೋದಾಗ.'

ಚಿತ್ರ ನನ್ನ ಮುಖ ಬಿಟ್ಟು ಸರಿಯಿತು. ಸುಣ್ಣದ ಗೋಡೆ, ಒಂದು ಮೊಳೆ, ಇಳಿಬಿದ್ದ ವೈರು. ಅಷ್ಟೇ. ಕ್ಯಾಮರಾ ಗೋಡೆಯನ್ನೇ ನೋಡುತ್ತ ನಿಂತಿತು. ಬರಿಗಾಲಿನ ಹೆಜ್ಜೆಗಳು ಹತ್ತಿರ ಬಂದವು. ಬುಟ್ಟಿ ಕರಕ್ಕೆಂದಿತು. ಕ್ಯಾಮರಾದ ಮಗ್ಗುಲಲ್ಲೇ, ಉಸಿರು ತಾಗುವಷ್ಟು ಹತ್ತಿರ, ದನಿ ತಗ್ಗಿಸಿ ಅವಳು ಅಂದಳು, 'ಇನ್ನಾ ಉಂಡಿಲ್ಲಲ್ಲೋ ನೀ. ಒಲಿ ಕಡೆ ನಿನ್ನ ತಾಟ ಮುಚ್ಚಿಟ್ಟೇನಿ, ಆರಿಸಿಕೊಂಡು ಕುಂದರಬ್ಯಾಡ.'

ನಾನು ಅಣ್ಣಾರ ಕಡೆ ನೋಡಿದೆ. ಅವರು ಟೀವಿಗೆ ಬೆನ್ನು ಮಾಡಿದ್ದರು. ಅಕ್ಕ ತಿರುಗು ಅಂದಾಗಲೇ ತಿರುಗಿದ್ದರು. ಅರವತ್ತು ದಾಟಿದ ಮನುಷ್ಯ, ನೆಲದ ಮೇಲೆ ಕೂತಲ್ಲೇ ತಮ್ಮ ಮನೆಯ ಗೋಡೆಗೆ ಮುಖ ಮಾಡಿ, ಯಾರೋ ಹಿಂದಿನಿಂದ ದಾಟಿ ಹೋಗಲಿ ಅಂತ ಮೊಣಕಾಲು ಒಳಗೆ ಎಳೆದುಕೊಂಡು ಕೂತಿದ್ದರು.

ಹೆಜ್ಜೆಗಳು ದೂರ ಹೋದವು.

'ಹೂಂ, ದಾಟಿದೆ,' ಅಂದಳು ಅಕ್ಕ. 'ಈಗ ತಿರುಗು.'

ಟೀವಿಯಲ್ಲಿ ಕ್ಯಾಮರಾ ತಿರುಗಿತು. ಬಾಸಿಂಗ ಕಟ್ಟಿಕೊಂಡ ನಾನು, ನಗುವ ಅತ್ತೆಯರು, ಬ್ಯಾಂಡು. ಡಿಸ್ಕು ಸದ್ದಿಲ್ಲದೆ ಓಡುತ್ತಲೇ ಇತ್ತು. ನಾನು ಅದನ್ನು ನಿಲ್ಲಿಸಲಿಲ್ಲ, ಅವರನ್ನು ಕರೆಯಲೂ ಇಲ್ಲ. ನನ್ನ ಲಗ್ನ ಪೂರ್ತಿ ಮುಗಿದು ಪರದೆ ಕಪ್ಪಾಗುವವರೆಗೂ ಅವರು ತಿರುಗಲಿಲ್ಲ.